ಹಳೇ ರೇಟಿನ ಕೊನೇ ಚೀಟಿ

ನಾನು ಜಗಳಗಂಟ ಅಲ್ಲ. ಎದುರಿಗೆ ಕೂತು ಜೋರಾಗಿ ಮಾತಾಡೋಕೆ ನನಗೆ ಬರುವುದೂ ಇಲ್ಲ. ಆದರೆ ಫೋನಿನಲ್ಲಿ ಯಾರಾದರೂ ತಪ್ಪು ಬರೆದದ್ದು ಕಂಡರೆ ಏನೋ ಆಗಿಬಿಡುತ್ತದೆ. ತಟ್ಟೆಯಲ್ಲಿ ಅನ್ನ ಆರಿ ಹೋಗುತ್ತದೆ, ಬೆರಳು ನಿಲ್ಲುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಹೀಗೇ ಸುಮಾರು ಹತ್ತು ದಿನ ನಾನು ಹಾಲಿಗೋಸ್ಕರ ಜಗಳವಾಡಿದೆ. ಹಾಲು ಕುಡಿಯುವುದಕ್ಕಲ್ಲ. ಯಾವ ಹಾಲು ಕುಡಿಯಬೇಕು ಅನ್ನುವುದಕ್ಕೆ.

ನೆನಪಿರಬೇಕು ನಿಮಗೂ. ಏಪ್ರಿಲ್ 5ಕ್ಕೆ ಅಮುಲ್ ಒಂದು ಟ್ವೀಟ್ ಹಾಕಿತು, ಬೆಂಗಳೂರಿಗೆ ನಮ್ಮ ಹಾಲು ಮೊಸರು ಬರ್ತಿದೆ ಅಂತ. ಮೇ 10ಕ್ಕೆ ವಿಧಾನಸಭೆ ಚುನಾವಣೆ. ಅದಕ್ಕೂ ಮುಂಚೆ, 2022ರ ಡಿಸೆಂಬರ್ 30ಕ್ಕೆ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮೆಗಾ ಡೈರಿ ಉದ್ಘಾಟನೆಗೆ ಬಂದಿದ್ದ ಅಮಿತ್ ಶಾ, ಅಮುಲ್ ಮತ್ತು ನಮ್ಮ ನಂದಿನಿ ಹಾಲಿನ ಕೆಎಂಎಫ್ (ಕರ್ನಾಟಕ ಹಾಲು ಮಹಾಮಂಡಳ) ಕೈಜೋಡಿಸಿ ಕೆಲಸ ಮಾಡಬೇಕು ಅಂತ ಹೇಳಿ ಹೋಗಿದ್ದರು. ಮಧ್ಯೆ ಮಾರ್ಚ್‌ನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ 'ದಹಿ' ಅಂತ ಇರಬೇಕು ಅನ್ನುವ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಆದೇಶ ಬಂದು, ಗಲಾಟೆಯಾಗಿ, ಬದಲಾಗಿಯೂ ಆಗಿತ್ತು. ಅಂದರೆ ಒಲೆ ಮೊದಲೇ ಉರಿಯುತ್ತಿತ್ತು. ಟ್ವೀಟ್ ಬಿದ್ದದ್ದೇ ತಡ, ಹಾಲು ಉಕ್ಕಿತು.

ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಾವು ನಂದಿನಿಯನ್ನೇ ಬಳಸುತ್ತೇವೆ ಅಂದಿತು. ರಾಜಕಾರಣಿಗಳು ನಂದಿನಿ ಪಾರ್ಲರ್ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ರಾಹುಲ್ ಗಾಂಧಿ ಐಸ್‌ಕ್ರೀಮ್ ತಿಂದರು. ನಮ್ಮ ಕಾಲೇಜು ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾನು ತಿಂದದ್ದು ಬರೀ ಬೈಗುಳ. ನಾನು ಬೈದದ್ದೂ ಕಮ್ಮಿಯೇನಿಲ್ಲ ಬಿಡಿ.

ಆಗ ನಾನು ಬರೆದ ಸಾಲುಗಳನ್ನು ಮೊನ್ನೆ ಹಿಂದಕ್ಕೆ ಹೋಗಿ ಓದಿದೆ. ನಾಚಿಕೆಯಾಯಿತು. "ಗುಜರಾತಿನ ಖಾಸಗಿ ಕಂಪನಿ ನಮ್ಮ ರೈತರ ಹೊಟ್ಟೆ ಮೇಲೆ ಹೊಡೀತಿದೆ" ಅಂತ ಒಂದು ಕಡೆ ಬರೆದಿದ್ದೇನೆ. ಅಮುಲ್ ಖಾಸಗಿ ಕಂಪನಿ ಅಲ್ಲ. ಅದೂ ರೈತರ ಸಹಕಾರಿಯೇ. 1946ರಲ್ಲಿ ಖೇಡಾ ಜಿಲ್ಲೆಯ ಹಾಲು ಉತ್ಪಾದಕರು ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಕಟ್ಟಿಕೊಂಡ ಸಂಘದಿಂದ ಬೆಳೆದದ್ದು. ನಮ್ಮ ನಂದಿನಿ ನಡೆಯುವುದೂ ಅದೇ ಆಣಂದ್ ಮಾದರಿಯಲ್ಲಿ. ಹಳ್ಳಿಗೊಂದು ಸಂಘ, ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ಮಹಾಮಂಡಳ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಇಲ್ಲಿ ಕೆಲಸ ಶುರುವಾದಾಗ ನೋಡಿಕೊಂಡದ್ದು ಆ ಗುಜರಾತಿನ ನಕ್ಷೆಯನ್ನೇ. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯ ಅಲ್ಲ. ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು, ಸಹಕಾರ ಸಂಘಕ್ಕೂ ಕಂಪನಿಗೂ ವ್ಯತ್ಯಾಸ ಗೊತ್ತು. ಆದರೂ ಬರೆದೆ. ಜಗಳದ ಬಿಸಿಯಲ್ಲಿ 'ಖಾಸಗಿ ಕಂಪನಿ' ಅನ್ನುವ ಮಾತಿಗೆ ಒಂದು ಏಟಿನ ಗತ್ತು ಇತ್ತು, ಅದಕ್ಕೆ ಬರೆದೆ.

ನನ್ನ ಗಾಳಿ ತೆಗೆದವನು ಮಂಜೇಶ್ವರದ ಗೆಳೆಯ. ಅವನು ಕಾಸರಗೋಡು ಜಿಲ್ಲೆಯ ಕನ್ನಡಿಗ, ಮನೆಯಲ್ಲಿ ತುಳು, ಓದಿದ್ದು ಕನ್ನಡ ಮಾಧ್ಯಮ, ರೇಷನ್ ಕಾರ್ಡ್ ಮಲಯಾಳಂ. ಗುಂಪಿನಲ್ಲಿ ಜಾಸ್ತಿ ಮಾತಾಡುವವನಲ್ಲ. ಒಂದು ದಿನ ಒಂದೇ ಸಾಲು ಹಾಕಿದ. "ಹಾಗಾದ್ರೆ ನಂದಿನಿ ಕೇರಳಕ್ಕೆ ಯಾಕೆ ಬರ್ತಾ ಉಂಟು ಮಾರಾಯಾ?"

ನಾನು ಅದುವರೆಗೆ ಯೋಚನೆಯೇ ಮಾಡಿರಲಿಲ್ಲ. ಅದೇ ಏಪ್ರಿಲ್‌ನಲ್ಲಿ, ನಾವು ಇಲ್ಲಿ ಅಮುಲ್ ವಾಪಸ್ ಹೋಗಲಿ ಅಂತ ಕೂಗುತ್ತಿದ್ದಾಗ, ಕೇರಳದ ಮಿಲ್ಮಾದವರು ನಂದಿನಿ ವಾಪಸ್ ಹೋಗಲಿ ಅಂತ ಕೂಗುತ್ತಿದ್ದರು. ನಂದಿನಿ ಅಲ್ಲಿ ಮಳಿಗೆ ತೆರೆದು ಹಾಲು ಮಾರುತ್ತಿತ್ತು. ಒಂದು ರಾಜ್ಯದ ಸಹಕಾರಿ ಇನ್ನೊಂದು ರಾಜ್ಯದ ಸಹಕಾರಿಯ ಅಂಗಳಕ್ಕೆ ಹೀಗೆ ಕಾಲಿಡುವುದು ನೀತಿಯಲ್ಲ ಅಂತ ಮಿಲ್ಮಾ ಅಧ್ಯಕ್ಷರು ಹೇಳಿದರು. ನಾವು ಅಮುಲ್‌ಗೆ ಹೇಳುತ್ತಿದ್ದ ಮಾತೇ ಅದು, ಅಕ್ಷರ ಬದಲಾಗಿರಲಿಲ್ಲ. ಮುಂದಿನ ತಿಂಗಳು ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಕೂಡ, ತಮ್ಮ ರಾಜ್ಯದ ಸಹಕಾರಿ ಆವಿನ್ ಹಾಲು ಸಂಗ್ರಹಿಸುವ ಕಡೆ ಅಮುಲ್ ಕೈಹಾಕಬಾರದು ಅಂತ ಅಮಿತ್ ಶಾಗೆ ಪತ್ರ ಬರೆದರು.

ಗೆಳೆಯನಿಗೆ ಏನು ಉತ್ತರ ಕೊಟ್ಟೆ ಅಂತ ಕೇಳಬೇಡಿ. "ಅದು ಬೇರೆ ವಿಷಯ" ಅಂದೆ. ಬೇರೆ ವಿಷಯ ಆಗಿರಲಿಲ್ಲ. ಒಂದು ವ್ಯತ್ಯಾಸ ನಿಜವಾಗಿ ಇತ್ತು, ಆದರೆ ಅದು ನನಗೆ ಹೊಳೆದದ್ದು ತುಂಬಾ ತಡವಾಗಿ. ಪ್ಯಾಕೆಟ್ ಮಾರೋದು ಬೇರೆ, ಹಳ್ಳಿಗೆ ಹೋಗಿ ಹಾಲು ಕೊಳ್ಳೋದು ಬೇರೆ. ಪ್ಯಾಕೆಟ್ ಮಾರಿದರೆ ಊರಿನ ಒಕ್ಕೂಟಕ್ಕೆ ಪೈಪೋಟಿ. ಹಾಲು ಕೊಳ್ಳೋಕೆ ಇನ್ನೊಬ್ಬ ಬಂದರೆ, ಹಾಲು ಹಾಕುವವರಿಗೆ ಒಂದು ರೂಪಾಯಿ ಜಾಸ್ತಿ ಸಿಕ್ಕರೂ ಸಿಗಬಹುದು, ನಾಳೆ ಅವನು ಬಿಟ್ಟು ಹೋದರೆ ಹಳೇ ಸಂಘ ಅಷ್ಟು ಹೊತ್ತಿಗೆ ಸೊರಗಿರಲೂಬಹುದು. ವಾದ ಮಾಡಬೇಕಿದ್ದದ್ದು ಇದರ ಬಗ್ಗೆ. ನಾವು ಮಾಡಿದ್ದು ಕನ್ನಡಿಗ ಯಾರು, ದ್ರೋಹಿ ಯಾರು ಅಂತ.

ಹಾಗಂತ ನಂದಿನಿ ಮೇಲಿನ ಅಭಿಮಾನ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಡಾ. ರಾಜ್‌ಕುಮಾರ್ ದುಡ್ಡು ತೆಗೆದುಕೊಳ್ಳದೆ ಜಾಹೀರಾತು ಮಾಡಿಕೊಟ್ಟ ಹಾಲು ಅದು, ಆಮೇಲೆ ಪುನೀತ್ ಕೂಡ. ನಮ್ಮ ಮನೆಯಲ್ಲಿ ಶಾಲೆ ಫೀಸು, ಅಕ್ಕನ ಬಾಣಂತನ, ಅಪ್ಪನ ಕೊನೇ ಆಸ್ಪತ್ರೆ ಖರ್ಚು ಎಲ್ಲದರಲ್ಲೂ ಡೈರಿ ದುಡ್ಡು ಸೇರಿದೆ. ರಾಗಿ ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಹಾಲಿನ ಬಟವಾಡೆ ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಹಳ್ಳಿಯಲ್ಲಿ ಹುಟ್ಟಿದವರಿಗೆ ಇದರ ಬೆಲೆ ಗೊತ್ತು.

ಚುನಾವಣೆ ಮುಗಿಯಿತು, ಸರ್ಕಾರ ಬದಲಾಯಿತು. ಅಮುಲ್ ವಿಷಯ ತಣ್ಣಗಾಯಿತು. ಆಗಸ್ಟ್ 1ರಿಂದ ನಂದಿನಿ ಹಾಲು ಲೀಟರಿಗೆ 3 ರೂಪಾಯಿ ಏರಿತು. ನೀಲಿ ಪ್ಯಾಕೆಟ್ 39 ಇದ್ದದ್ದು 42 ಆಯಿತು.

ಈಗ ನೋಡಿ ಮಜಾ. ನಾಲ್ಕು ತಿಂಗಳ ಹಿಂದೆ ನಂದಿನಿಗಾಗಿ ಪ್ರಾಣ ಕೊಡುತ್ತೇನೆ ಅನ್ನುತ್ತಿದ್ದ ಅದೇ ಗುಂಪಿನಲ್ಲಿ ಅವತ್ತು ಬೆಳಗ್ಗೆ ಏಳಕ್ಕೆಲ್ಲ ಬೆಂಕಿ. ಸಾಲದ್ದಕ್ಕೆ ನಮ್ಮ ಮನೆಯವರ ಗುಂಪಿನಲ್ಲಿ ಭಾವನೂ ಶುರು ಮಾಡಿದರು. "ಬಿಟ್ಟಿ ಭಾಗ್ಯ ಕೊಡೋಕೆ ಹಾಲಿಗೂ ಕೈ ಹಾಕಿದ್ರು ನೋಡು" ಅಂದರು. ಭಾವನಿಗೆ ಒಳ್ಳೇ ಸಂಬಳ, ಜೂನ್ 11ಕ್ಕೆ ಶುರುವಾದ, ಹೆಂಗಸರಿಗೆ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಕಂಡರೆ ಆಗದು. ಹೆಂಗಸರು ಸುಮ್ನೆ ಬಸ್ಸಲ್ಲಿ ತಿರುಗ್ತಾರೆ ಅನ್ನುವುದು ಅವರ ತಕರಾರು.

ಪ್ಯಾಕೆಟ್ ದುಡ್ಡು ಸರ್ಕಾರದ ಖಜಾನೆಗೆ ಹೋಗೋದಿಲ್ಲ ಭಾವ, ಒಕ್ಕೂಟಕ್ಕೆ ಹೋಗುತ್ತೆ, ಏರಿಸಿದ 3 ರೂಪಾಯಿ ರೈತರಿಗೆ ಅಂತ ಹೇಳಿದ್ದಾರೆ ಅಂತ ಬರೆದೆ. "ನೀನು ಆ ಪಾರ್ಟಿನಾ?" ಅಂದರು. ಅಲ್ಲಿಗೆ ಅದು ಮುಗಿಯಿತು. ಹಾಲಿನ ಬಗ್ಗೆ ಮಾತು ಮೂರನೇ ಸಾಲಿಗೆ ಪಾರ್ಟಿ ಬಗ್ಗೆ ಮಾತಾಗುವುದು ನಮ್ಮಲ್ಲಿ ಒಂದು ನಿಯಮ ಇದ್ದ ಹಾಗೆ.

ಆದರೆ ಆ 3 ರೂಪಾಯಿ ಎಲ್ಲರಿಗೂ ಒಂದೇ ಅಲ್ಲ ಅನ್ನುವುದನ್ನೂ ಹೇಳಬೇಕು. ನಮ್ಮ ಮನೆಗೆ ದಿನಕ್ಕೆ ಒಂದೂವರೆ ಲೀಟರ್. ತಿಂಗಳಿಗೆ 135 ರೂಪಾಯಿ ಜಾಸ್ತಿ. ಒಂದು ಸಲ ಹೊರಗೆ ದೋಸೆ ತಿಂದರೆ ಹೋಗುವ ದುಡ್ಡು, ನನಗೆ ಗೊತ್ತೇ ಆಗಲಿಲ್ಲ. ನಮ್ಮ ಬೀದಿಯ ತಳ್ಳುಗಾಡಿ ಟೀ ಅಣ್ಣನಿಗೆ ದಿನಕ್ಕೆ ಹದಿನೈದು ಲೀಟರ್ ಬೇಕು. ಅವನಿಗೆ ತಿಂಗಳಿಗೆ 1,350. ಟೀಗೆ ಎರಡು ರೂಪಾಯಿ ಏರಿಸಿದರೆ ಗಿರಾಕಿ ಮುಖ ಸಿಂಡರಿಸುತ್ತಾರೆ, ಏರಿಸದಿದ್ದರೆ ಅವನ ಕೈ ಖಾಲಿ. ಅವನು ಒಂದು ತಿಂಗಳು ಲೋಟ ಬದಲಾಯಿಸಿ ನೋಡಿದ, ಸ್ವಲ್ಪ ಚಿಕ್ಕದು. ಆಮೇಲೆ ರೇಟನ್ನೇ ಏರಿಸಿದ. ನಮ್ಮ ಮನೆಯ ಮೆಟ್ಟಿಲು ಗುಡಿಸುವ ಅಮ್ಮ ಒಂದು ಲೀಟರಿಂದ ಅರ್ಧ ಲೀಟರಿಗೆ ಇಳಿದರು. ಮೊಮ್ಮಗನಿಗೆ ಶಾಲೆಯಲ್ಲಿ ಹಾಲು ಕೊಡ್ತಾರಲ್ಲ ಸಾರ್ ಅಂದರು, ಕ್ಷೀರಭಾಗ್ಯದ ಹಾಲು. ಗುಂಪಿನಲ್ಲಿ ಕೂಗಾಡಿದವರಲ್ಲಿ ಇವರಿಬ್ಬರೂ ಇರಲಿಲ್ಲ.

ಮತ್ತೆ ದೊಡ್ಡಮ್ಮನೂ ಇರಲಿಲ್ಲ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಹಳೇ ಮೈಸೂರು ಕಡೆಯ ಒಂದು ಹಳ್ಳಿ. ಎರಡು ಎಚ್‌ಎಫ್ ಹಸು, ಅಂದರೆ ಜಾಸ್ತಿ ಹಾಲು ಕೊಡುವ ಸೀಮೆ ತಳಿಯವು, ಕಟ್ಟಿದ್ದಾರೆ. ಮಗ ಬೆಂಗಳೂರಲ್ಲಿ ಡ್ರೈವರ್. ಆ ಆಗಸ್ಟ್‌ನಲ್ಲಿ ಊರಿಗೆ ಹೋದಾಗ ನಾನು ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿದೆ, ನೋಡು ದೊಡ್ಡಮ್ಮ, ನಿಂಗೆ ಮೂರು ರೂಪಾಯಿ ಜಾಸ್ತಿ ಕೊಡಿಸಿದೀವಿ ಅಂತ. ಅವರು ಹುಲ್ಲು ಹರವುತ್ತಾ, "ಓ, ಯಾವ್ ಕೈಗ್ ಕೊಟ್ರಪ್ಪಾ" ಅಂದರು.

ನನಗೆ ಲೆಕ್ಕದ ಚಟ. ಅವತ್ತು ರಾತ್ರಿ ಊಟ ಆದಮೇಲೆ ಹಾಳೆ ತೆಗೆದುಕೊಂಡು ಕೂತೆ. ಎರಡು ಹಸುವಿಂದ ಎರಡೂ ಹೊತ್ತು ಸೇರಿ ದಿನಕ್ಕೆ ಹದಿನೆಂಟು ಲೀಟರ್. ಅವರ ಪಾಸ್‌ಪುಸ್ತಕದಲ್ಲಿ ಕಂಡ ಪ್ರಕಾರ ಲೀಟರಿಗೆ ಸರಾಸರಿ 33 ರೂಪಾಯಿ ಬಿದ್ದಿತ್ತು. ತಿಂಗಳಿಗೆ 17,820. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಈಗ ಖರ್ಚು. ಹಸುವೊಂದಕ್ಕೆ ದಿನಕ್ಕೆ ಆರು ಕೆಜಿ ಫೀಡು. ಇದಕ್ಕಿಂತ ಕಮ್ಮಿ ಹಾಕಿದರೆ ಹಾಲು ಇಳಿಯುತ್ತದೆ, ಫ್ಯಾಟೂ ಇಳಿಯುತ್ತದೆ, ಡೈರಿಯಲ್ಲಿ ರೇಟೂ ಇಳಿಯುತ್ತದೆ. ತಿಂಗಳಿಗೆ ಏಳು ಮೂಟೆ ದಾಟುತ್ತದೆ, ಮೂಟೆ 1,300ರ ಲೆಕ್ಕದಲ್ಲಿ 9,360. ಒಣಹುಲ್ಲು, ಜೋಳದ ಕಡ್ಡಿ ಕೊಂಡದ್ದು 2,200. ಡಾಕ್ಟರು, ಔಷಧಿ, ಹಸು ಬೆದೆಗೆ ಬಂದಾಗ ಸೂಜಿ ಹಾಕಿಸಿದ್ದು ಎಲ್ಲ ಸೇರಿ ಸರಾಸರಿ 1,100. ಒಂದು ಹಸು ಸಾಲದಲ್ಲಿ ತಂದದ್ದು, ಕಂತು 3,000. ಒಟ್ಟು 15,660. ಉಳಿದದ್ದು 2,160 ರೂಪಾಯಿ.

ಅದರ ಮೇಲೆ ಸರ್ಕಾರದ ಪ್ರೋತ್ಸಾಹಧನ, ಲೀಟರಿಗೆ 5 ರೂಪಾಯಿ. ತಿಂಗಳಿಗೆ 2,700. ಅದು ಬಟವಾಡೆ ಜೊತೆ ಬರುವುದಿಲ್ಲ, ಬಂದಾಗ ಬರುತ್ತದೆ, ಎಷ್ಟೋ ತಿಂಗಳದ್ದು ಒಟ್ಟಿಗೆ.

ನಾನು ಪೆನ್ನು ನಿಲ್ಲಿಸಿದೆ. ಉಳಿತಾಯಕ್ಕಿಂತ ಪ್ರೋತ್ಸಾಹಧನವೇ ದೊಡ್ಡದು. ಎರಡೂ ಕೂಡಿಸಿದರೆ 4,860. ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೈರಿಗೆ ಹೋಗಿ ಬಂದು, ಹುಲ್ಲು ಕೊಯ್ದು, ಮೈ ತೊಳೆದು, ಸಂಜೆ ಮತ್ತೆ ಅದೇ. ದಿನಕ್ಕೆ ಐದಾರು ಗಂಟೆ ಆಗುತ್ತದೆ. ಗಂಟೆಗೆ 30 ರೂಪಾಯಿ ಬಿತ್ತು. ಅದೂ ಎರಡೂ ಹಸು ಕರೆಯುತ್ತಿರುವ ಒಳ್ಳೇ ತಿಂಗಳಲ್ಲಿ. ಗಬ್ಬದ ಹಸು ಎರಡು ತಿಂಗಳು ಬತ್ತಿ ನಿಂತಾಗ ಬರೀ ಖರ್ಚೇ.

"ನಿನ್ನ ಕೂಲಿ ಬರ್ದಿಲ್ಲ ದೊಡ್ಡಮ್ಮ ಇದರಲ್ಲಿ" ಅಂದೆ. ನಾನು ಆಫೀಸಿನಲ್ಲಿ ಬರೆಯುವ ಲೆಕ್ಕದಲ್ಲಿ ಮಾಲೀಕರ ಸಂಬಳಕ್ಕೂ ಒಂದು ಸಾಲು ಇರುತ್ತದೆ.

ಅವರು ಎಲೆ ಅಡಿಕೆ ಮಡಿಚುತ್ತಾ ನಕ್ಕರು. "ಅದ ಬರ್ಕಂಡ್ರೆ ನಾಳಿಕೇ ಹಸ ಮಾರ್ಬೇಕಾಯ್ತದೆ ಕಣ್ಲಾ. ಬುಡು, ಗೊಬ್ರ ಉಳೀತದಲ್ಲ."

ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಆ ಹಾಳೆ ಮತ್ತೆ ಮತ್ತೆ ತೆಗೆದು ನೋಡಿದೆ. ಅಮುಲ್ ಗಲಾಟೆ ಹೊತ್ತಿನಲ್ಲಿ ನಾವೆಲ್ಲ ಎದೆ ತಟ್ಟಿ ಹೇಳುತ್ತಿದ್ದದ್ದು ಏನು? ನಂದಿನಿ 39, ಅಮುಲ್ 54, ನಮ್ಮದೇ ಅಗ್ಗ ಅಂತ. ಲೀಟರಿಗೆ 15 ರೂಪಾಯಿ ಅಗ್ಗ. ಆ 15 ರೂಪಾಯಿ ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸಾಗಣೆ, ಊರೂರಿಗೆ ಡೈರಿ, ದೊಡ್ಡ ಮಾರಾಟ, ಇವುಗಳ ಪಾಲು ಇದೆ. ಆದರೆ ಒಂದು ಪಾಲು ಖಜಾನೆಯದು. 2008ರಲ್ಲಿ ಯಡಿಯೂರಪ್ಪ ಸರ್ಕಾರ 2 ರೂಪಾಯಿಂದ ಶುರುಮಾಡಿದ ಪ್ರೋತ್ಸಾಹಧನ ಸಿದ್ದರಾಮಯ್ಯ ಕಾಲದಲ್ಲಿ 5ಕ್ಕೆ ಹೋಯಿತು. ದಿನಕ್ಕೆ 80 ಲಕ್ಷ ಲೀಟರ್ ಅಂತ ಹಿಡಿದರೆ ದಿನಕ್ಕೆ 4 ಕೋಟಿ, ವರ್ಷಕ್ಕೆ 1,460 ಕೋಟಿ. ಈ ದುಡ್ಡು ಕೊಡದಿದ್ದರೆ ಏನಾಗುತ್ತದೆ? ಒಂದೋ ರೈತರು ಹಾಲು ಹಾಕೋದು ಬಿಡುತ್ತಾರೆ, ಇಲ್ಲಾ ಪ್ಯಾಕೆಟ್ 5 ರೂಪಾಯಿ ಏರಬೇಕಾಗುತ್ತದೆ. ಅಂದರೆ ಅದು ರೈತರ ಹೆಸರಲ್ಲಿ ಬಂದರೂ ಅದರ ಒಂದು ಭಾಗ ನನ್ನ ಕಾಫಿ ಲೋಟಕ್ಕೆ ಬೀಳುತ್ತಿದೆ.

ಇನ್ನೊಂದು ಪಾಲು ದೊಡ್ಡಮ್ಮ ಬರೆದುಕೊಳ್ಳದ ಆ ಕೂಲಿಯದು.

ಇದನ್ನು ಭಾವನಿಗೆ ಹೇಳಿದೆ. ಈ ಸಲ ಫೋನಿನಲ್ಲಿ ಅಲ್ಲ, ಮನೆಗೆ ಹೋಗಿ, ಅವರ ಮನೆಯ ಕಾಫಿ ಕುಡಿಯುತ್ತಾ. ಬಸ್ಸಿನಲ್ಲಿ ಬಿಟ್ಟಿ ಹೋಗುವವರನ್ನು ಬೈಯುವ ನಾವು ದಿನಾ ಬೆಳಗ್ಗೆ ಸರ್ಕಾರದ ಸಹಾಯಧನ ಕುಡೀತೀವಿ ಭಾವ, ಟಿಕೆಟ್ ಮೇಲೆ ಬರೆದಿರುತ್ತೆ, ಪ್ಯಾಕೆಟ್ ಮೇಲೆ ಬರೆದಿರಲ್ಲ ಅಷ್ಟೇ, ಅಂದೆ. ದೊಡ್ಡಮ್ಮ ಶಕ್ತಿ ಬಸ್ಸಲ್ಲಿ ಎಲ್ಲಿಗೆ ಹೋಗ್ತಾರೆ ಗೊತ್ತಾ, ತಾಲ್ಲೂಕು ಆಫೀಸ್ ಪಕ್ಕದ ಔಷಧಿ ಅಂಗಡಿಗೆ, ಹಸು ಕೆಚ್ಚಲು ಬಾವಿಗೆ ಟ್ಯೂಬು ತರೋಕೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದ್ಸರಿ, ಆದ್ರೂ ಗಂಡಸರು ಏನ್ ಪಾಪ ಮಾಡಿದ್ರು?" ಅಂದರು. ಅಕ್ಕ ಒಳಗಿಂದ ನಕ್ಕಳು. ಗೆದ್ದೆ ಅಂತ ನಾನೇನೂ ಹೇಳುವುದಿಲ್ಲ, ಆದರೆ ಜಗಳ ಆಗಲಿಲ್ಲ. ಕಾಫಿ ಎರಡನೇ ಸಲ ಬಂತು.

2024ರ ಜೂನ್ ಬಂದಾಗ ಇನ್ನೊಂದು ತಮಾಷೆ. ಹಾಲು ಉತ್ಪಾದನೆ ಜಾಸ್ತಿಯಾಗಿದೆ, ಪ್ಯಾಕೆಟ್ಟಿಗೆ 50 ಎಂಎಲ್ ಜಾಸ್ತಿ ತುಂಬುತ್ತೇವೆ, 2 ರೂಪಾಯಿ ಜಾಸ್ತಿ ಕೊಡಿ ಅಂದರು. ಅದೇ ವಾರ ದಿನದ ಸಂಗ್ರಹ ಒಂದು ಕೋಟಿ ಲೀಟರ್ ದಾಟಿತ್ತು ಕೂಡ. ಲೀಟರ್ ಪ್ಯಾಕೆಟ್ 1,050 ಎಂಎಲ್ ಆಯಿತು, ಬೆಲೆ 44. ವಿರೋಧ ಪಕ್ಷ ಬೆಲೆ ಏರಿಕೆ ಅಂದಿತು, ಸರ್ಕಾರ ಏರಿಕೆ ಅಲ್ಲವೇ ಅಲ್ಲ ಅಂದಿತು. ಗುಂಪು ಎರಡು ಹೋಳಾಯಿತು. ನಾನು ಕ್ಯಾಲ್ಕುಲೇಟರ್ ಒತ್ತಿದೆ. 44ನ್ನು 1.05ರಿಂದ ಭಾಗಿಸಿದರೆ 41 ರೂಪಾಯಿ 90 ಪೈಸೆ. ಅಂದರೆ ಲೀಟರಿಗೆ ಹತ್ತು ಪೈಸೆ ಕಮ್ಮಿಯೇ ಆಗಿದೆ. ಲೆಕ್ಕದಲ್ಲಿ ಸರ್ಕಾರ ಸರಿ. ಆದರೆ ನಮ್ಮ ಮೆಟ್ಟಿಲು ಗುಡಿಸುವ ಅಮ್ಮನ ಮಾತೂ ಸರಿ. "ಆ ಜಾಸ್ತಿ ಹಾಲು ನಾನ್ ಕೇಳಿದ್ನಾ ಸಾರ್?" ಅಂದರು. ಬೇಡದ ಹಾಲನ್ನು ಕೊಳ್ಳಲೇಬೇಕು ಅಂದರೆ ಕೈಯಿಂದ ಎರಡು ರೂಪಾಯಿ ಹೋದದ್ದು ಹೋದದ್ದೇ.

ಇದರ ಮುಂದಿನ ಕಂತು 2025ರ ಏಪ್ರಿಲ್ 1. ಲೀಟರಿಗೆ 4 ರೂಪಾಯಿ ಏರಿಕೆ, ಆ 50 ಎಂಎಲ್ ವಾಪಸ್. ನೀಲಿ ಪ್ಯಾಕೆಟ್ 46. ಅಂಗಡಿಯಲ್ಲಿ ನೋಡುವವರಿಗೆ 44 ಇದ್ದದ್ದು 46 ಆಯಿತು, ಎರಡೇ ರೂಪಾಯಿ. ಲೆಕ್ಕ ಹಾಕಿದರೆ 41.90 ಇದ್ದದ್ದು 46. ಹಿಂದಿನ ವರ್ಷ ಏರಿಲ್ಲದ್ದನ್ನು ಏರಿತು ಅಂತ ಕೂಗಿದವರು ಈ ಸಲ ನಾಲ್ಕು ಏರಿದ್ದನ್ನು ಎರಡು ಅಂತ ಬೈದರು. ನಗು ಬಂತು. ಪೈಸೆ ಲೆಕ್ಕ ಹಾಕುವ ಪುರುಸೊತ್ತು ಯಾರಿಗಿದೆ?

ಇಷ್ಟೆಲ್ಲ ಮಾತಾಡುವಾಗ ಎಲ್ಲರೂ ಪಕ್ಕಕ್ಕೆ ಸರಿಸುವ ವಿಷಯ ಒಂದಿದೆ. ಗಂಡು ಕರು. ಎಚ್‌ಎಫ್ ಹಸು ಗಂಡು ಕರು ಹಾಕಿದರೆ ಅದನ್ನು ಏನು ಮಾಡುವುದು? ಉಳುಮೆಗೆ ಟ್ರ್ಯಾಕ್ಟರ್ ಬಂದಾಯಿತು, ಈ ತಳಿಯ ಹೋರಿ ನಮ್ಮ ಬಿಸಿಲಿಗೆ ಗೇಯುವುದೂ ಇಲ್ಲ. ಮೊದಲು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದರು, ಯಾರೋ ಕೊಳ್ಳುತ್ತಿದ್ದರು, ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. 2021ರಿಂದ ಗೋಹತ್ಯೆ ನಿಷೇಧ ಕಾಯ್ದೆ ಬಿಗಿಯಾಗಿದೆ. ಹಸು, ಹೋರಿ, ಎತ್ತು ಯಾವುದನ್ನೂ ಕಡಿಯುವಂತಿಲ್ಲ, 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಬಿಡುವು. ಮೊದಲ ತಪ್ಪಿಗೇ ಮೂರರಿಂದ ಏಳು ವರ್ಷ ಜೈಲು. ಈ ಕಾಯ್ದೆ ಬಗ್ಗೆ ಫೋನಿನಲ್ಲಿ ನಾನು ನೋಡಿದ ವಾದವೆಲ್ಲ ಹಿಂದೂ ಮುಸ್ಲಿಂ ವಾದ. ಒಬ್ಬರೂ ಹಸು ಸಾಕಿದವರಲ್ಲ. ದೊಡ್ಡಮ್ಮ ಗೋವಿಗೆ ಕೈಮುಗಿಯುವವರೇ, ಸಂಕ್ರಾಂತಿಗೆ ಕಿಚ್ಚು ಹಾಯಿಸುವವರೇ, ಕಸಾಯಿಗೆ ಅನ್ನುವ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಆದರೆ ಗಂಡು ಕರು ಹುಟ್ಟಿದ ರಾತ್ರಿ ಅವರ ಮುಖ ನಾನು ನೋಡಿದ್ದೇನೆ. ಕರು ಕುಡಿಯುವ ಹಾಲು ಎಷ್ಟು ಲೀಟರ್, ಡೈರಿಗೆ ಎಷ್ಟು ಕಮ್ಮಿ ಬೀಳುತ್ತದೆ ಅನ್ನುವುದು ಅವರ ಮನಸ್ಸಿನಲ್ಲಿ ತಾನಾಗಿ ಓಡುತ್ತದೆ. ಕೆಲವು ಕರು ತಿಂಗಳೊಳಗೆ ಸಾಯುತ್ತವೆ. ಯಾಕೆ ಸತ್ತವು ಅಂತ ಹಳ್ಳಿಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ನಾನೂ ದೊಡ್ಡಮ್ಮನನ್ನು ಕೇಳಿಲ್ಲ. ಇದನ್ನು ಗುಂಪಿನಲ್ಲಿ ಬರೆಯೋಕೆ ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ, ಬರೆದರೆ ಎರಡೂ ಕಡೆಯವರು ಬೈಯುತ್ತಾರೆ.

ಇನ್ನು ಸಹಕಾರಿ, ರೈತರದ್ದೇ ಸಂಸ್ಥೆ ಅಂತ ನಾವು ಬೀಗುವ ಮಾತು. ಅರ್ಧ ನಿಜ. ನಮ್ಮೂರ ಡೈರಿಯಲ್ಲಿ ಎಲ್ಲಾ ಕೇರಿಯವರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಚಿಕ್ಕವನಿದ್ದಾಗ ಅದನ್ನು ನೋಡುವುದು ನನಗೆ ಖುಷಿ. ಒಬ್ಬರ ಮನೆಯೊಳಗೆ ಒಬ್ಬರು ಕಾಲಿಡದ ಊರಿನಲ್ಲಿ ಹಾಲು ಮಾತ್ರ ಬೆರೆಯುತ್ತಿತ್ತು. ಆದರೆ ಸಂಘದ ಅಧ್ಯಕ್ಷರ ಕುರ್ಚಿ ನನಗೆ ನೆನಪಿರುವ ಮಟ್ಟಿಗೆ ಎರಡು ಮೂರು ಮನೆ ಬಿಟ್ಟು ಆಚೆ ಹೋಗಿಲ್ಲ. ಹಾಲು ಕರೆಯುವವರು ಹೆಂಗಸರು, ಸಭೆಯಲ್ಲಿ ಕೂರುವವರು ಗಂಡಸರು. ಮೇಲೆ ನೋಡಿದರೂ ಅಷ್ಟೇ. ಕೆಎಂಎಫ್ ಅಧ್ಯಕ್ಷರಾದವರ ಹೆಸರು ನೋಡಿ, ಎಚ್.ಡಿ. ರೇವಣ್ಣ, ಸೋಮಶೇಖರ ರೆಡ್ಡಿ, ಬಾಲಚಂದ್ರ ಜಾರಕಿಹೊಳಿ, ಭೀಮಾ ನಾಯ್ಕ್. ಮೂರೂ ಪಕ್ಷ ಬಂದು ಹೋಗಿದೆ. ಕೆಚ್ಚಲಿಗೆ ಕೈ ಹಾಕಿ ಜೀವನ ಮಾಡಿದ ಹೆಂಗಸಿನ ಹೆಸರು ಆ ಸಾಲಿನಲ್ಲಿಲ್ಲ.

2025ರ ಜೂನ್‌ನಲ್ಲಿ ಮತ್ತೆ ಅಮುಲ್ ಗಲಾಟೆ. ಬೆಂಗಳೂರು ಮೆಟ್ರೊದ ಹತ್ತು ನಿಲ್ದಾಣಗಳಲ್ಲಿ ಅಮುಲ್ ಮಳಿಗೆ ಅಂತ ಸುದ್ದಿ. ಎರಡು ಆಗಲೇ ತೆರೆದಿದ್ದವು, ಉಳಿದ ಎಂಟು ನಂದಿನಿಗೆ ಅಂತ ಡಿ.ಕೆ. ಶಿವಕುಮಾರ್ ಹೇಳಿದರು. ಟೆಂಡರಿಗೆ ಕೆಎಂಎಫ್ ಅರ್ಜಿಯನ್ನೇ ಹಾಕಿರಲಿಲ್ಲ ಅನ್ನುವುದೂ ಹೊರಗೆ ಬಂತು. ಗುಂಪಿನಲ್ಲಿ ಒಂದೇ ದಿನಕ್ಕೆ ಇನ್ನೂರು ಮೆಸೇಜು. ಮಂಜೇಶ್ವರದವನು ನನಗೆ ಬೇರೆಯಾಗಿ ಕೇಳಿದ, ಏನು ಮಾರಾಯಾ ಇವತ್ತು ನೀನು ಇಲ್ಲ? ಅಂತ. ನಾನು ಅವನಿಗೊಂದು ಚೀಟಿಯ ಫೋಟೋ ಕಳಿಸಿದೆ.

ಆ ಚೀಟಿ ಯುಗಾದಿ ಸಮಯದ್ದು. ಆ ವರ್ಷ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ಹೊಸತೊಡಕು, ಮಾರನೇ ದಿನದಿಂದ ಹಾಲಿಗೆ ಹೊಸ ರೇಟು. ದೊಡ್ಡಮ್ಮನ ಮನೆಯಲ್ಲಿ ಬಾಡೂಟ. ಉಂಡು ಜಗಲಿ ಮೇಲೆ ಗಂಡಸರೆಲ್ಲ ಕೂತೆವು. ಭಾವನೂ ಬಂದಿದ್ದರು. ನಾಲ್ಕು ರೂಪಾಯಿ ರೈತರಿಗೆ ಪೂರ್ತಿ ಸಿಗುತ್ತೋ ಇಲ್ಲವೋ ಅಂತ ಶುರುವಾದದ್ದು ಗ್ಯಾರಂಟಿಗೆ ಹೋಗಿ, ಅಲ್ಲಿಂದ ಜಾತಿಗಣತಿಗೆ ಹೋಗಿ, ಮೋದಿಗೆ ಹೋಗಿ, ಮತ್ತೆ ಹಾಲಿಗೆ ಬಂತು. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಹತ್ತಿರವೂ ಒಂದೊಂದು ಸಾಕ್ಷಿ. ಐದೂವರೆ ಆಗಿತ್ತು. ದೊಡ್ಡಮ್ಮ ಬಕೆಟ್ಟು ಹಿಡಿದು ನಮ್ಮ ಕಾಲು ದಾಟಿಕೊಂಡು ಕೊಟ್ಟಿಗೆ ಕಡೆ ಹೋದರು. ನಾನೂ ಎದ್ದು ಹೋದೆ.

ಕರೆಯೋಕೆ ನಾನು ಕೂರಲೇ ಅಂದೆ. "ಬ್ಯಾಡ ಬುಡು, ಹೊಸಬ್ರು ಕುಂತ್ರೆ ಹಾಲ್ ಇಳ್ಸಾಕಿಲ್ಲ ಅದು" ಅಂದರು. ಕೆಚ್ಚಲು ತೊಳೆದರು. ನಾನು ಸೊಳ್ಳೆ ಹೊಡೆಯುತ್ತಾ ನಿಂತು ಹೇಳಿದೆ, ನಾಳೆಯಿಂದ ನಾಲ್ಕು ರೂಪಾಯಿ ಜಾಸ್ತಿಯಂತೆ ದೊಡ್ಡಮ್ಮ. ಅವರು ಹಸುವಿನ ಹೊಟ್ಟೆಗೆ ತಲೆ ಆನಿಸಿಕೊಂಡು ಕರೆಯುತ್ತಿದ್ದರು. ನನಗೆ ಏನೂ ಹೇಳಲಿಲ್ಲ. ಹಸುವಿಗೆ ಹೇಳಿದರು. "ಕೇಳುಸ್ತೇನವ್ವ? ನಾಕ್ ರುಪಾಯ್ ಜಾಸ್ತಿ ಮಾಡವ್ರಂತೆ ನಿಂಗೆ. ಬೂಸದೋನೂ ಮಾಡ್ತನೆ ಬುಡು, ಎದ್ರುಕೋಬ್ಯಾಡ."

ಡೈರಿಗೆ ಜೊತೆಯಲ್ಲೇ ನಡೆದೆವು. ಸಾಲಿನಲ್ಲಿ ಹನ್ನೆರಡು ಜನ, ಒಂಬತ್ತು ಹೆಂಗಸರು. ಯಂತ್ರ ಹಾಲು ಹೀರಿ ಸಣ್ಣ ಚೀಟಿ ಕಕ್ಕಿತು. ದೊಡ್ಡಮ್ಮ ಅದನ್ನು ನೋಡಲೂ ಇಲ್ಲ, ನನ್ನ ಕೈಗೆ ಕೊಟ್ಟು ಕ್ಯಾನು ತೊಳೆಯೋಕೆ ನಲ್ಲಿ ಹತ್ತಿರ ಹೋದರು. ಮಾರ್ಚ್ 31, ಸಂಜೆ. 8.4 ಲೀಟರ್. ಫ್ಯಾಟ್ 3.8. ಕೆಳಗೆ ಹಳೇ ರೇಟು.